ಥರ್ಮೋಸ್ಟಾಟ್ ಸುಳ್ಳು ಹೇಳಿರಲಿಲ್ಲ

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಈಗ ತರಬೇತಿ ಇದೆ, ಸರ್ಟಿಫಿಕೇಟ್ ಇದೆ, ಸಂಶಯ ಬಂದರೆ ಫೋನ್ ಮಾಡಿ ಕೇಳಲು ಜನ ಇದ್ದಾರೆ. ನಮಗೆ ಇದ್ದದ್ದು ಒಂದು ಸ್ಕ್ರೂಡ್ರೈವರ್, ಇಟಲಿಯಿಂದ ಬಂದ ಒಂದು ಕೈಪಿಡಿ, ಮತ್ತು ಕೀತ್. ಕೈಪಿಡಿಯ ಇಂಗ್ಲಿಷ್ ಇಟಲಿಯವರಿಗೂ ಅರ್ಥವಾಗುತ್ತಿರಲಿಲ್ಲ, ಇಂಗ್ಲಿಷರಿಗೂ ಅರ್ಥವಾಗುತ್ತಿರಲಿಲ್ಲ. ಕೀತ್ ಮಾತು ಎಲ್ಲರಿಗೂ ಅರ್ಥವಾಗುತ್ತಿತ್ತು, ಆದರೆ ಅದರಲ್ಲಿ ಹುರುಳೇ ಇರುತ್ತಿರಲಿಲ್ಲ. ಸ್ಟಾಕ್‌ಪೋರ್ಟ್‌ನಲ್ಲಿ ಒಲೆ ಮಾರುವ ಅಂಗಡಿ ಅವನದು. ನಾನು ಅವನ ಹತ್ತಿರ ಹನ್ನೊಂದು ವರ್ಷ ಒಲೆ ಜೋಡಿಸಿದೆ. ಹನುಮಂತ ಎಂದು ಹೇಳಲು ನಾಲಿಗೆ ಹೊರಳದೆ ಮೊದಲ ದಿನವೇ ನನ್ನನ್ನು ಹ್ಯಾಂಕ್ ಎಂದು ಕರೆದ, ನಿವೃತ್ತಿಯ ದಿನ ಕೊಟ್ಟ ಕಾರ್ಡಿನಲ್ಲೂ ಹ್ಯಾಂಕ್ ಎಂದೇ ಬರೆದಿದ್ದ.

ನಾನು ಹುಬ್ಬಳ್ಳಿಯವನು. ಐಟಿಐ ಓದಿ ಎಲೆಕ್ಟ್ರಿಷಿಯನ್ ಆಗಿದ್ದೆ. ಹೆಂಡತಿಗೆ ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು, ಅವಳ ಹಿಂದೆ ನಾನೂ ಬಂದೆ. ಮೊದಲು ಗ್ಯಾಸ್ ಬಾಯ್ಲರ್‌ಗಳ ವೈರಿಂಗ್ ಮಾಡುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಈ ಪೆಲೆಟ್ ಒಲೆಗಳು ಬಂದವು. ಮರದ ಹೊಟ್ಟನ್ನು ಒತ್ತಿ ಮಾಡಿದ, ಪೆನ್ಸಿಲ್ ತುಂಡಿನಂಥ ಗುಳಿಗೆಗಳನ್ನು ಮೇಲಿನ ಪೆಟ್ಟಿಗೆಗೆ ಸುರಿದರೆ ಸಾಕು, ಒಲೆ ತಾನೇ ಹೊತ್ತಿಕೊಂಡು ತಾನೇ ಸ್ವಲ್ಪ ಸ್ವಲ್ಪವಾಗಿ ಉಣ್ಣುತ್ತದೆ. ಜನರಿಗೆ ಅಷ್ಟಕ್ಕೆ ತೃಪ್ತಿ ಇಲ್ಲ. ಬಾಯ್ಲರ್‌ಗೆ ಇದ್ದ ಹಾಗೆ ಇದಕ್ಕೂ ಗೋಡೆಯ ಮೇಲೆ ಒಂದು ಬಿಳಿ ಡಬ್ಬಿ ಬೇಕು. ಕೋಣೆ ತಣ್ಣಗಾದರೆ ಹೊತ್ತಿಕೋ, ಬೆಚ್ಚಗಾದರೆ ಆರು ಎಂದು ಒಲೆಗೆ ಹೇಳುವ ಥರ್ಮೋಸ್ಟಾಟ್. ಹನ್ನೊಂದು ವರ್ಷ ನನ್ನ ತಲೆ ತಿಂದದ್ದು ಆ ಡಬ್ಬಿ.

ಮೊದಲನೆಯದನ್ನು ನಾನೇ ಸುಟ್ಟೆ, ಮುಚ್ಚಿಡುವುದೇಕೆ. ಬಾಯ್ಲರಿನ ಥರ್ಮೋಸ್ಟಾಟ್ ಒಳಗೆ ಮನೆಯ ಕರೆಂಟೇ ಓಡಾಡುತ್ತದೆ. ಪೆಲೆಟ್ ಒಲೆಯ ಹಿಂದೆ ಇರುವ ಎರಡು ತಿರುಪುಗಳಿಗೆ ಕರೆಂಟೇ ಬೇಡ, ಎರಡನ್ನೂ ಒಂದಕ್ಕೊಂದು ಮುಟ್ಟಿಸಿ ಬಿಟ್ಟರೆ ಸಾಕು. ಕೈಪಿಡಿಯಲ್ಲಿ ಇದನ್ನು ಹೇಳಿತ್ತೋ ಇಲ್ಲವೋ, ಹೇಳಿದ್ದರೂ ಯಾವ ದೇವರಿಗೆ ತಿಳಿಯಬೇಕು. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುವಂತೆ ನಾನು ಭಾರಿ ಹುರುಪಿನಿಂದ ಬಾಯ್ಲರಿಗೆ ಮಾಡುವ ಹಾಗೆಯೇ ತಂತಿ ಸೇರಿಸಿ ಸ್ವಿಚ್ ಒತ್ತಿದೆ. ಟಪ್ ಎಂದಿತು. ಒಲೆಯ ಮಿದುಳು ಎನ್ನಬೇಕಾದ ಬೋರ್ಡು ಸುಟ್ಟ ವಾಸನೆ ಮನೆ ತುಂಬಿತು. ಹೊಸ ಬೋರ್ಡು ಇಟಲಿಯಿಂದ ಬರಲು ಆರು ವಾರ ಹಿಡಿಯಿತು. ಆ ಮನೆಯ ನಿವೃತ್ತ ಶಾಲಾ ಶಿಕ್ಷಕಿ ಆರು ವಾರ ಕೋಟು ಹಾಕಿಕೊಂಡೇ ಟಿವಿ ನೋಡಿದಳು. ನಾನು ಹೋದಾಗಲೆಲ್ಲ ಬಿಸ್ಕತ್ತು ಕೊಟ್ಟು, ಪರವಾಗಿಲ್ಲ ಬಿಡು ಎನ್ನುತ್ತಿದ್ದಳು. ಬೈದಿದ್ದರೆ ವಾಸಿ ಇತ್ತು.

ಆಮೇಲೆ ಗಂಡ ಹೆಂಡಿರ ಮನೆಗಳು. ಗಂಡನಿಗೆ ಹದಿನೆಂಟು ಡಿಗ್ರಿ, ಹೆಂಡತಿಗೆ ಇಪ್ಪತ್ಮೂರು. ಅವನು ಅಡುಗೆಮನೆಗೆ ಹೋಗುವ ದಾರಿಯಲ್ಲಿ ಇಳಿಸುವನು, ಇವಳು ಬರುವ ದಾರಿಯಲ್ಲಿ ಏರಿಸುವಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅವರು ಉಂಡು ಮಲಗಿದರು, ನಡುವೆ ಬಡವಾದದ್ದು ಒಲೆ. ಪೆಲೆಟ್ ಒಲೆ ಲೈಟಿನ ಬಲ್ಬಲ್ಲ. ಹೊತ್ತಲು ಹತ್ತು ನಿಮಿಷ, ಆರಿ ತಣಿಯಲು ಅರ್ಧ ಗಂಟೆ. ದಿನಕ್ಕೆ ಇಪ್ಪತ್ತು ಸಲ ಹೊತ್ತಿಸಿ ಆರಿಸಿದರೆ ಬೆಂಕಿ ಹೊತ್ತಿಸುವ ಸಲಾಕೆ ಒಂದೇ ಚಳಿಗಾಲದಲ್ಲಿ ಸತ್ತುಹೋಗುತ್ತದೆ. ಆರುವುದಕ್ಕೂ ಹೊತ್ತುವುದಕ್ಕೂ ನಡುವೆ ಒಂದೂವರೆ ಡಿಗ್ರಿಯಾದರೂ ಅಂತರ ಇಡಿ ಎಂದು ಎಷ್ಟು ಮನೆಗಳಲ್ಲಿ ಬಡಬಡಿಸಿದೆನೋ. ಎಲ್ಲರೂ ತಲೆಯಾಡಿಸುತ್ತಾರೆ, ನನ್ನ ವ್ಯಾನ್ ಬೀದಿ ತಿರುಗುವ ಮುಂಚೆ ಗುಂಡಿ ತಿರುಗಿಸುತ್ತಾರೆ.

ಲೆಸ್ಟರ್‌ನಲ್ಲಿ ಒಂದು ಬಾಡಿಗೆ ಮನೆ. ಕರ್ನಾಟಕದಿಂದ ಎಂ.ಎಸ್ಸಿ. ಓದಲು ಬಂದ ಹುಡುಗರು ಐದು ಜನ. ಮನೆ ಮಾಲೀಕ ಥರ್ಮೋಸ್ಟಾಟಿಗೆ ಪ್ಲಾಸ್ಟಿಕ್ ಗೂಡು ಹಾಕಿ ಬೀಗ ಜಡಿದಿದ್ದ. ಆದರೂ ತಿಂಗಳ ಗುಳಿಗೆ ವಾರಕ್ಕೆ ಖಾಲಿ. ಥರ್ಮೋಸ್ಟಾಟ್ ಕೆಟ್ಟಿದೆ ಎಂದು ಅವನು ಕೀತ್‌ಗೆ ಹೇಳಿದ, ಬದಲಿಸಿ ಬಾ ಎಂದು ಕೀತ್ ನನಗೆ ಹೇಳಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ ಕೀತ್‌ದು. ಅಷ್ಟು ದೂರ ಹೋಗಿ ನೋಡಿದರೆ ಗೂಡಿನ ಕೆಳಗೆ ಗೋಡೆ ಒದ್ದೆ, ಮೂಗಿಗೆ ತೆಂಗಿನಕಾಯಿ ವಾಸನೆ. ಇಂಡಿಯನ್ ಅಂಗಡಿಯ ಫ್ರೋಜನ್ ತೆಂಗಿನತುರಿ ಪ್ಯಾಕೆಟ್ಟನ್ನು ದಾರದಿಂದ ಗೂಡಿಗೆ ಕಟ್ಟುತ್ತಿದ್ದರು. ಡಬ್ಬಿಗೆ ಸದಾ ಚಳಿ, ಒಲೆ ಸದಾ ಉರಿ.

"ಅಂಕಲ್, ಓನರ್‌ಗೆ ಹೇಳ್ಬೇಡಿ ಪ್ಲೀಸ್," ಎಂದ ಒಬ್ಬ, ಮಂಗಳೂರಿನ ಇಮ್ರಾನ್. "ಡೆಪಾಸಿಟ್ ಹಿಡ್ಕೊಂಡ್ಬಿಡ್ತಾನೆ."

"ಸರಿ. ಆ ತುರೀನ ಮಾತ್ರ ಸಾರಿಗೆ ಹಾಕ್ಬೇಡ್ರಪ್ಪಾ," ಎಂದೆ.

"ಅಯ್ಯೋ, ನಿನ್ನೆ ಹಾಕಿದ್ವಲ್ಲಾ ಅಂಕಲ್!"

ನಾನು ಮಾಲೀಕನಿಗೆ ಹೇಳಲಿಲ್ಲ. ತಂತಿ ಸಡಿಲವಾಗಿತ್ತು ಎಂದು ಬರೆದು ಬಂದೆ. ನಮ್ಮವರು, ಹೋಗಲಿ ಎನ್ನಿಸಿತು. ನಮ್ಮವರು ಎಂದು ಸುಮ್ಮನಾಗುವ ಈ ಚಾಳಿಯನ್ನು ಮೊದಲು ಬಿಡಿ. ನಾನು ಬಿಡಲಿಲ್ಲ, ಅದರ ಬೆಲೆ ಡಿಡ್ಸ್‌ಬರಿಯ ಒಂದು ಮನೆಯಲ್ಲಿ ತೆರಬೇಕಾಯಿತು. ತೆತ್ತದ್ದು ನಾನಲ್ಲ. ಆ ಮನೆಯಲ್ಲಿ ಒಂದು ಕೂಸು ಮತ್ತು ಅದರ ತಾಯಿ ದಿನಾ ಸ್ವಲ್ಪ ಸ್ವಲ್ಪವಾಗಿ ವಿಷ ಕುಡಿಯುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಮಂಡಿಯೂರಿ ತಂತಿ ಬದಲಿಸುತ್ತಿದ್ದೆ. ನಾನು ಬರೆಯಲು ಕೂತದ್ದೇ ಇದನ್ನು ಹೇಳಲು.

ಮನೆ ಡಾಕ್ಟರ್ ಪ್ರಸಾದ್ ಅವರದು. ಮೈಸೂರಿನವರು, ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ಹೆಂಡತಿ ವಿದ್ಯಾ, ಧಾರವಾಡದ ಹುಡುಗಿ, ಲೀಡ್ಸಿನಲ್ಲಿ ಓದಿದವಳು. ಮುಂದಿನ ಕೋಣೆಯಲ್ಲಿ ಆಗಲೇ ನಮ್ಮ ಅಂಗಡಿಯದೇ ಒಂದು ಪೆಲೆಟ್ ಒಲೆ ಇತ್ತು. ವಿದ್ಯಾಗೆ ಚೊಚ್ಚಲ ಹೆರಿಗೆಯಾಗಿ ತಾಯಿ ಮಗು ಇನ್ನೂ ಆಸ್ಪತ್ರೆಯಲ್ಲಿದ್ದರು. ಅವರು ಬರುವಷ್ಟರಲ್ಲಿ ಹಿಂದಿನ ಕೋಣೆಯನ್ನು ಬಾಣಂತಿ ಕೋಣೆ ಮಾಡಿ, ಅಲ್ಲಿನ ಗೋಡೆಗೆ ಥರ್ಮೋಸ್ಟಾಟ್ ಹಾಕಿ, ಆ ಕೋಣೆಯ ಚಳಿ ನೋಡಿ ಒಲೆ ಉರಿಯುವ ಹಾಗೆ ಮಾಡಿಕೊಡಿ ಎಂದು ಡಾಕ್ಟರು ಕೇಳಿದ್ದರು. ಎರಡು ಕೋಣೆಗೂ ನಡುವೆ ಒಂದೇ ಬಾಗಿಲು. ಕೆಲಸ ಸುಲಭದ್ದು.

ಬಾಗಿಲು ತೆಗೆದವರು ವಿದ್ಯಾಳ ತಾಯಿ ಶಾಂತಕ್ಕ. ಅರವತ್ತರ ಹೆಂಗಸು, ಬಾಣಂತನ ಮಾಡಲೆಂದೇ ಧಾರವಾಡದಿಂದ ಬಂದಿದ್ದರು. ಎರಡು ಸ್ವೆಟರ್, ಕಾಲಿಗೆ ಅಳಿಯನ ಕಾಲುಚೀಲ.

"ಯಾವೂರ್ರಿ ನಿಮ್ದು?" ಎಂದರು, ನನ್ನ ಮುಖ ನೋಡಿ.

"ಹುಬ್ಬಳ್ಳಿರಿ ಅಕ್ಕಾರ."

"ಅಯ್ಯ! ಹಂಗಾರ ನಮ್ಮ ಕಡಿಯವನs ಆದಿ. ಕೂಡು ತಮ್ಮಾ, ಮೊದಲ ಒಂದೀಟು ತಿನ್ನು. ಕೆಲಸ ಎಲ್ಲಿ ಓಡಿ ಹೊಕ್ಕೈತಿ?"

ಬಾಣಂತಿಗೆಂದು ಕಟ್ಟಿದ್ದ ಅಂಟಿನ ಉಂಡಿಯಲ್ಲಿ ಎರಡು ತಟ್ಟೆಗೆ ಬಂದವು. ಮ್ಯಾಂಚೆಸ್ಟರಿನ ಸುತ್ತ ಎಷ್ಟೋ ಕನ್ನಡದವರ ಮನೆಗೆ ಹೋಗಿದ್ದೆ. ಎಲ್ಲರೂ ಒಂದೇ ನಮೂನೆಯ ಬೆಂಗಳೂರು ಕನ್ನಡ, ಅದರ ಅರ್ಧ ಇಂಗ್ಲಿಷ್. ತಮ್ಮಾ ಎಂದು ಒಬ್ಬರು ಕರೆದು ಎಷ್ಟು ವರ್ಷವಾಗಿತ್ತೋ. ನನ್ನ ಕಣ್ಣು ತುಂಬಿತು ಎಂದು ಬರೆದರೆ ನಗಬೇಡಿ, ತುಂಬಿತು.

ಥರ್ಮೋಸ್ಟಾಟ್ ಹಾಕಿ, ತಂತಿ ಎಳೆದು, ಒಲೆಯ ಹಿಂದೆ ಸೇರಿಸಿ ಎದ್ದಾಗ ಸೋಫಾದ ಹಿಂದಿನ ಗೋಡೆ ಕಂಡಿತು. ಒಲೆ ಇರುವ ಕೋಣೆಗೆ ಹೊರಗಿನ ಗಾಳಿ ಬರಲೇಬೇಕು, ಅದಕ್ಕೆಂದೇ ಗೋಡೆಯಲ್ಲಿ ಒಂದು ಜಾಲರಿ ಇರುತ್ತದೆ. ಆ ಜಾಲರಿಗೆ ಹಳೆಯ ಕಾಟನ್ ಸೀರೆಯ ತುಂಡನ್ನು ಗಟ್ಟಿಯಾಗಿ ತುರುಕಿದ್ದರು. ನಾನು ಅದನ್ನು ನೋಡಿದ್ದನ್ನು ಶಾಂತಕ್ಕ ನೋಡಿದರು.

"ಸುಯ್ ಅಂತ ಗಾಳಿ ಬರ್ತೈತಪಾ ಅದರೊಳಗಿಂದ. ಬಾಣಂತಿಗೆ ಗಾಳಿ ತಾಕಬಾರದಲ್ಲ. ನಾಳೆ ಕೂಸು ಬರ್ತೈತಿ, ಅದಕ್ಕs ಮುಚ್ಚೇನಿ. ಚೊಲೋ ಮಾಡೇನಿಲ್ಲ?"

ಇಂಗ್ಲಿಷರ ಮನೆಯಾಗಿದ್ದರೆ ಬಟ್ಟೆ ಕಿತ್ತು ಕೈಗೆ ಕೊಟ್ಟು, ಇನ್ನೊಮ್ಮೆ ಹೀಗೆ ಮಾಡಿದರೆ ಒಲೆಯ ತಂತಿ ಕತ್ತರಿಸುತ್ತೇನೆ ಎಂದು ಹೇಳುತ್ತಿದ್ದೆ. ಹಾಗೆ ಹೇಳಿದ್ದೂ ಉಂಟು. ಇಲ್ಲಿ ನನ್ನ ಬಾಯಲ್ಲಿ ಅವರು ಕೊಟ್ಟ ಉಂಡಿ ಇತ್ತು. ಹಿರಿಯ ಹೆಂಗಸು, ಮಗಳ ಮೇಲಿನ ಅಕ್ಕರೆಯಿಂದ ಮಾಡಿದ್ದು, ಮೊದಲ ದಿನವೇ ತಪ್ಪು ಹುಡುಕಿದರೆ ಏನಂದುಕೊಂಡಾರು ಎಂದುಕೊಂಡೆ. ಮುಂದಿನ ಸಲ ಹೇಳೋಣ, ಅಥವಾ ಡಾಕ್ಟರಿಗೆ ಫೋನಿನಲ್ಲಿ ಹೇಳೋಣ ಎಂದುಕೊಂಡೆ. ಏನೂ ಹೇಳದೆ ಸಾಮಾನಿನ ಚೀಲ ಎತ್ತಿಕೊಂಡು ಬಂದೆ. ಫೋನನ್ನೂ ಮಾಡಲಿಲ್ಲ.

ಒಂದು ವಾರಕ್ಕೆ ಡಾಕ್ಟರ ಫೋನ್. "ನೋಡಿ ಹನುಮಂತ ಅವ್ರೇ, ಆ ಡಬ್ಬಿ ಹಾಕೋಕ್ ಮುಂಚೆ ಒಲೆ ಚೆನ್ನಾಗಿತ್ತು. ಈಗ ದಿನಾ ಹತ್ತು ಹನ್ನೊಂದು ಗಂಟೆಗೆಲ್ಲ ಆರಿ ಹೋಗತ್ತಂತೆ. ನಾನ್ ಡ್ಯೂಟಿ ಮುಗಿಸಿ ಸಾಯಂಕಾಲ ಬಂದ್ರೆ ಫ್ರಂಟ್ ರೂಮ್ ಫ್ರಿಜ್ ಆಗಿರತ್ತೆ. ನಾನ್ ಮನೇಲಿರೋ ದಿನ ಮಾತ್ರ ಸರಿಯಾಗಿರತ್ತೆ, ನಿಮ್ ಒಲೆಗೂ ನನ್ ಕಂಡ್ರೆ ಭಯ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮನೆಯಲ್ಲಿ ಏನೇ ಕೆಟ್ಟರೂ ಹೊಸದಾಗಿ ಬಂದದ್ದರ ಮೇಲೆ ಗೂಬೆ ಕೂರಿಸುವುದು ಲೋಕರೂಢಿ. ಆದರೆ ನಾನೂ ಅದನ್ನೇ ನಂಬಿ ಹೋದೆ. ಮಧ್ಯಾಹ್ನದ ಹೊತ್ತು. ಒಲೆ ಆರಿತ್ತು. ಮುಂದಿನ ಕೋಣೆ ನನ್ನ ಮೀಟರಿನಲ್ಲಿ ಹದಿನಾರು ಡಿಗ್ರಿ. ಥರ್ಮೋಸ್ಟಾಟ್ ನೋಡಲು ಹಿಂದಿನ ಕೋಣೆಯ ಬಾಗಿಲಿಗೆ ಕೈ ಹಾಕಿದೆ, ಶಾಂತಕ್ಕ ಅಡ್ಡ ನಿಂತರು.

"ಬಾಣಂತಿ ಮಲಗ್ಯಾಳ. ಒಳಗ ಗಂಡಸರು ಹೋಗಬಾರದಪಾ, ನಿನಗ ಗೊತ್ತಿಲ್ಲದ್ದೇನ? ಏನ್ ನೋಡಬೇಕು ಹೇಳು, ನಾ ನೋಡಿ ಹೇಳ್ತೀನಿ."

ನನ್ನ ಅವ್ವನೂ ಹೀಗೆಯೇ ಹೇಳುತ್ತಿದ್ದಳು. ಹಾಗಾಗಿ ನನಗೆ ಅದು ಅಡ್ಡಿ ಎಂದೇ ಅನ್ನಿಸಲಿಲ್ಲ, ಮರ್ಯಾದೆ ಎನ್ನಿಸಿತು. "ಆ ಬಿಳಿ ಡಬ್ಬಿ ಮ್ಯಾಲೆ ಎಷ್ಟು ನಂಬರ್ ಐತಿ ನೋಡ್ರಿ," ಎಂದೆ. ಅವರು ಬಾಗಿಲನ್ನು ಒಂದು ಗೇಣಿನಷ್ಟೇ ತೆರೆದು ಒಳಗೆ ನುಸುಳಿ, ಮುಚ್ಚಿಕೊಂಡು, ಒಳಗಿನಿಂದಲೇ ಕೂಗಿದರು.

"ಇಪ್ಪತ್ತಾರು!"

ಹೊಸಬರೇ, ಇಲ್ಲಿ ನಿಲ್ಲಿ. ಒಲೆ ಆರಿದೆ. ಹೊರಗೆ ಕೊರೆಯುವ ಚಳಿ. ಈ ಕೋಣೆ ಹದಿನಾರು, ಪಕ್ಕದ ಕೋಣೆ ಇಪ್ಪತ್ತಾರು. ನಿಮ್ಮಲ್ಲಿ ಯಾರೇ ಆಗಿದ್ದರೂ, ಆ ಬಿಸಿ ಎಲ್ಲಿಂದ ಬಂತು ಎಂದು ಕೇಳುತ್ತಿದ್ದಿರಿ. ನಾನು ಕೇಳಲಿಲ್ಲ. ಥರ್ಮೋಸ್ಟಾಟ್ ಸುಳ್ಳು ಹೇಳುತ್ತಿದೆ ಎಂದು ತೀರ್ಮಾನ ಮಾಡಿದೆ. ಅಕ್ಕಾರ ಸುಳ್ಳು ಹೇಳುವವರಲ್ಲ, ಹಾಗಾದರೆ ಡಬ್ಬಿಯೇ ಸುಳ್ಳು ಹೇಳಬೇಕು. ಕೀತ್‌ಗೆ ಫೋನ್ ಮಾಡಿದರೆ ಅವನ ಮಂತ್ರ ಗೊತ್ತೇ ಇದೆ, ಬದಲಿಸು.

ಶನಿವಾರ ಡಾಕ್ಟರು ಮನೆಯಲ್ಲಿದ್ದಾಗ ಬದಲಿಸಿದೆವು. ನಾನು ಬಾಗಿಲ ಹೊರಗೆ ನಿಂತು ಹೇಳಿಕೊಟ್ಟೆ, ಅವರು ಒಳಗೆ ಬಿಚ್ಚಿ ಜೋಡಿಸಿದರು. ಮೂಳೆಗೆ ತಿರುಪು ಹಾಕುವ ಕೈ, ನನಗಿಂತ ಅಚ್ಚುಕಟ್ಟು. ಹೊಸ ಡಬ್ಬಿ ಇಪ್ಪತ್ತು ತೋರಿಸಿತು. ಒಲೆ ಹೊತ್ತಿತು. ಡಾಕ್ಟರು ಗೆದ್ದವರ ಹಾಗೆ ನಕ್ಕರು. ಹೊರಡುವಾಗ ಸೋಫಾದ ಹಿಂದೆ ಕಣ್ಣು ಹೋಯಿತು. ಬಟ್ಟೆ ಅಲ್ಲೇ ಇತ್ತು. ಅಳಿಯನ ಎದುರಿಗೆ ಅತ್ತೆಯ ತಪ್ಪು ಎತ್ತಿ ಆಡುವುದು ಹೇಗೆ ಎಂದು ಅಂದೂ ನುಂಗಿಕೊಂಡೆ.

ಸೋಮವಾರ ಮತ್ತೆ ಫೋನ್. ಮತ್ತೆ ಆರಿದೆ. ಈ ಸಲ ಮುಂದಿನ ಕೋಣೆಯ ಕಡೆಯ ತಂತಿ ಪೂರ್ತಿ ಬದಲಿಸಿದೆ, ಒಲೆಯ ಬೋರ್ಡು ಬಿಚ್ಚಿ ನೋಡಿದೆ, ಫ್ಯಾನ್ ತೊಳೆದೆ. ಬೈಯುತ್ತಾ ಬೈಯುತ್ತಾ ಅರ್ಧ ದಿನ ನೆಲದ ಮೇಲೆ ಹೊರಳಾಡಿದೆ. ಶಾಂತಕ್ಕ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತರು. ಅಂದು ಅವರ ಮುಖ ಬಾಡಿತ್ತು.

"ವಿದ್ಯಾಗ ತಲಿಶೂಲಿ ಹಿಡದೈತಿ, ಬಿಡವಲ್ದು. ಅಳಿಯಂದಿರು ನಿದ್ದಿ ಸಾಲವಲ್ದು ಅಂತ ಗುಳಿಗಿ ಕೊಟ್ಟಾರ. ನನಗೂ ಒಂದೀಟು ತಲಿ ಸುತ್ತತೈತಿ, ಈ ಊರಿನ ಹವಾ ಒಗ್ಗವಲ್ದು."

"ಕೂಸು ಆರಾಮ ಐತೇನ್ರಿ?"

"ಕೂಸು ಭಾಳ ಶಾಂತ ಐತಿ ತಮ್ಮಾ. ಅಳೂದs ಇಲ್ಲ. ಮಲಗಿದ್ದು ಮಲಗಿದ್ದs," ಎಂದರು, ಹೆಮ್ಮೆಯಿಂದ.

ಈ ಮಾತನ್ನು ಕೇಳಿ ನಾನು ಪುಣ್ಯವಂತ ಕೂಸು ಎಂದೆ. ನನ್ನ ವ್ಯಾನಿನಲ್ಲಿ, ನಾನು ಕೂತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಹೊಗೆಕೊಳವೆ ಪರೀಕ್ಷಿಸುವ ಯಂತ್ರವಿತ್ತು. ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇದ್ದರೆ ಅದು ಹೇಳುತ್ತದೆ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು ಮತ್ತು ನಿದ್ದೆಯೇ ಅದರ ಗುರುತು. ಆ ಗುರುತುಗಳನ್ನು ನಾನು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೆ. ಆದರೆ ನನ್ನನ್ನು ಕರೆದದ್ದು ಥರ್ಮೋಸ್ಟಾಟಿಗೆ, ಒಲೆ ಆರಿದೆ ಎನ್ನುವ ದೂರಿಗೆ. ಆರಿದ ಒಲೆ ಯಾರನ್ನು ಕೊಲ್ಲುತ್ತದೆ? ತಲೆಯಲ್ಲಿ ಮಣ್ಣು ತುಂಬಿತ್ತು ಎಂದು ಬೇರೆ ಹೇಳಬೇಕಿಲ್ಲ.

ಎರಡು ದಿನ ಬಿಟ್ಟು ಕೀತ್ ಕಿಡಿಕಿಡಿಯಾಗಿದ್ದ. ಇನ್ನೊಂದು ಸಲ ಹೋಗು, ಸರಿಹೋಗದಿದ್ದರೆ ಒಲೆಯನ್ನೇ ವಾಪಸ್ ಹೊತ್ತು ತಾ ಎಂದ. ಮಧ್ಯಾಹ್ನಕ್ಕೆ ಬರುತ್ತೇನೆ ಎಂದು ಹೇಳಿಕಳಿಸಿದ್ದೆ. ಬೇರೆ ಒಂದು ಕೆಲಸ ತಪ್ಪಿಹೋಗಿ ಬೆಳಿಗ್ಗೆ ಹತ್ತೂವರೆಗೇ ಹೋಗಿ ಬೆಲ್ ಒತ್ತಿದೆ. ಬಾಗಿಲು ತೆರೆಯಲು ತಡವಾಯಿತು. ಶಾಂತಕ್ಕ ತೆರೆದಾಗ ಅವರ ಹಿಂದಿನಿಂದ ಲೋಬಾನದ ವಾಸನೆ ಗಮ್ಮೆಂದು ಬಂತು.

"ಎಷ್ಟ ಲಗೂ ಬಂದ್ಯಲ್ಲೋ ತಮ್ಮಾ," ಎಂದರು, ಮುಖದಲ್ಲಿ ಕಳ್ಳ ನಗೆ. "ಅಳಿಯಂದಿರಿಗೆ ಹೇಳಬ್ಯಾಡ ಮತ್ತ. ಅವರು ಹೊಗಿ ಗಿಗಿ ಬ್ಯಾಡ ಅಂತಾರ. ಎಣ್ಣಿ ನೀರು ಹಾಕಿದ ಮ್ಯಾಲೆ ಕೂಸಿಗೆ ಲೋಬಾನ ಹಿಡೀದಿದ್ರ ಹೆಂಗ?"

"ಕೆಂಡ ಎಲ್ಲಿಂದ ತಂದ್ರಿ ಅಕ್ಕಾರ?"

"ನಿನ್ನ ಒಲಿಯಿಂದs!" ಎಂದರು. ನನ್ನ ಒಲೆಗೆ ಮೆಚ್ಚುಗೆ ಹೇಳುವವರ ಹಾಗೆ ಹೇಳಿದರು. "ದಿನಾ ಬಾಗಲಾ ತಗದು ಎರಡು ಸೌಟು ಕೆಂಡ ತಗೀತೀನಿ. ಮ್ಯಾಲೆ ಆ ಚೀಲದಾಗಿನ ಗುಳಿಗಿ ಎರಡು ಹಿಡಿ ಹಾಕಿದ್ರ ಮಧ್ಯಾಹ್ನದ ಮಟಾ ಕಾವು ಇರತೈತಿ. ಬಾಣಂತಿ ಮಂಚದ ಕೆಳಗ ಅಗ್ಗಿಷ್ಟಿಗಿ ಇಡಬೇಕಲ್ಲ."

ನಮ್ಮ ಕಡೆ ಅದು ವಾಡಿಕೆ. ಬಾಣಂತಿಯ ಹೊರಸಿನ ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ ಇಟ್ಟು ಮೈ ಕಾಸುತ್ತಾರೆ. ನಾನು ಹುಟ್ಟಿದಾಗಲೂ ಇಟ್ಟಿದ್ದರು. ಆದರೆ ಅಲ್ಲಿನ ಮನೆಗಳಲ್ಲಿ ಹೆಂಚಿನ ಸಂದಿಯಿಂದ ಗಾಳಿ ಆಡುತ್ತದೆ. ಇಲ್ಲಿ ಜೋಡಿ ಗಾಜಿನ ಕಿಟಕಿ, ಬಾಗಿಲ ಕೆಳಗೆ ಕಂಬಳಿ, ಜಾಲರಿಯಲ್ಲಿ ಸೀರೆ. ಎಲ್ಲ ಒಂದೇ ಸಲ ತಲೆಗೆ ಹೊಳೆಯಿತು. ಉರಿಯುವಾಗ ಒಲೆಯ ಬಾಗಿಲು ತೆರೆದ ಕೂಡಲೇ ಅದು ತಾನಾಗಿ ಆರುತ್ತದೆ. ಮತ್ತೆ ಹೊತ್ತಬೇಕಾದರೆ ಥರ್ಮೋಸ್ಟಾಟ್ ಹೇಳಬೇಕು. ಥರ್ಮೋಸ್ಟಾಟ್ ಕೆಂಡ ಇಟ್ಟ ಕೋಣೆಯಲ್ಲಿದೆ, ಅಲ್ಲಿ ಇಪ್ಪತ್ತಾರು ಡಿಗ್ರಿ, ಸಂದಿ ಮುಚ್ಚಿದ ಆ ಕೋಣೆಯ ಕಾವು ಸಂಜೆಯಾದರೂ ಇಳಿಯುವುದಿಲ್ಲ, ಅದು ಏಕೆ ಹೇಳುತ್ತದೆ? ಎರಡು ವಾರ ಅದು ನಿಜವನ್ನೇ ಹೇಳುತ್ತಿತ್ತು.

"ವಿದ್ಯಾ ಎಲ್ಲಿ?"

"ಮಲಗ್ಯಾಳ. ಎಬ್ಬಸಬ್ಯಾಡ, ಮುಂಜಾನೆಯಿಂದ ತಲಿ ನೋವು ಅಂತ..."

ಆಗಲೂ, ನಾಚಿಕೆಯಾಗುತ್ತದೆ ಬರೆಯಲು, ಆಗಲೂ ನಾನು ಆ ಬಾಗಿಲ ಮುಂದೆ ನಿಂತು "ಒಳಗ ಬರಲೇನ್ರಿ?" ಎಂದು ಕೇಳಿದೆ. ಬ್ಯಾಡ ಎಂದರು. ಅವರನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದೆ.

ಬಿಸಿ ಮುಖಕ್ಕೆ ಹೊಡೆಯಿತು. ವಿದ್ಯಾ ತಲೆಗೆ ಬಟ್ಟೆ ಸುತ್ತಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಳು. ಕೂಗಿದೆ, ಏಳಲಿಲ್ಲ. ಭುಜ ಹಿಡಿದು ಅಲುಗಾಡಿಸಿದೆ, ಕಣ್ಣು ಅರ್ಧ ತೆರೆದು ಏನೋ ತೊದಲಿ ಮತ್ತೆ ಮುಚ್ಚಿದಳು. ಕೂಸನ್ನು ಎತ್ತಿಕೊಂಡೆ, ಕತ್ತು ಬಟ್ಟೆಯ ಹಾಗೆ ಜೋತುಬಿತ್ತು. ಹಿಂಬಾಗಿಲು ತೆರೆದು ಕೂಸನ್ನು ಶಾಂತಕ್ಕನ ಕೈಗೆ ಕೊಟ್ಟು ಅವರನ್ನು ಹೊರಗೆ ತಳ್ಳಿದೆ. ವಿದ್ಯಾಳನ್ನು ಎಳೆದುಕೊಂಡೇ ಹೊರಗೆ ತಂದು ಹುಲ್ಲಿನ ಮೇಲೆ ಕೂರಿಸಿದೆ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಸೊನ್ನೆಗೆ ಹತ್ತಿರದ ಆ ಚಳಿಯಲ್ಲಿ ಶಾಂತಕ್ಕ ಬರಿಗಾಲಲ್ಲಿ ನಿಂತು, "ಗಾಳಿ ಹೊಡೀತೈತೋ, ಕೂಸಿಗೆ ಗಾಳಿ ಹೊಡೀತೈತೋ" ಎಂದು ಅಳುತ್ತಿದ್ದರು. ಕೂಸು ಅವರ ತೋಳಿನಲ್ಲಿ ಸಣ್ಣಗೆ ಕೆಮ್ಮಿತು. ಆಮೇಲೆ ಅತ್ತಿತು. ಅಂಥ ಅಳು ನಾನು ಎಂದೂ ಕೇಳಿಲ್ಲ, ಅಂದು ನಾನೂ ಅತ್ತೆ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಬದುಕಿದರು. ಇನ್ನೊಂದು ಗಂಟೆ ಹಾಗೇ ಬಿಟ್ಟಿದ್ದರೆ ಕೂಸು ಉಳಿಯುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ.

ವರದಿ ಬರೆಯಲು ಕೂತಾಗ ಕೀತ್ ನನ್ನ ಹಿಂದೆ ನಿಂತಿದ್ದ. ಮನೆಯವರು ಗಾಳಿಯ ಜಾಲರಿ ಮುಚ್ಚಿದ್ದರು, ಒಲೆಯಿಂದ ಕೆಂಡ ತೆಗೆದು ಕೋಣೆಯಲ್ಲಿ ಇಟ್ಟಿದ್ದರು ಎಂದು ಬರೆದೆ. ಅಷ್ಟು ಸಾಕು ಎಂದ ಕೀತ್. ಜಾಲರಿ ಮುಚ್ಚಿದ್ದನ್ನು ನಾನು ಮೊದಲ ದಿನವೇ ನೋಡಿದ್ದೆ ಎಂದು ಅವನಿಗೆ ಹೇಳಿದೆ. ಅವನು, ಹ್ಯಾಂಕ್, ನಿನ್ನನ್ನು ಕಳಿಸಿದ್ದು ಥರ್ಮೋಸ್ಟಾಟಿಗೆ, ಕೇಳದ್ದನ್ನು ಬರೆಯಬೇಡ ಎಂದ. ನಾನು ಬರೆಯಲಿಲ್ಲ. ಬರೆದಿದ್ದರೆ ನನ್ನ ಲೈಸೆನ್ಸ್ ಹೋಗುತ್ತಿತ್ತು. ಅಂಗಡಿಗೂ ಕಷ್ಟವಾಗುತ್ತಿತ್ತು. ಕೀತ್‌ನನ್ನು ಇಷ್ಟು ಬೈದೆನಲ್ಲ, ಆ ಸಾಲು ಬಿಟ್ಟ ಕೈ ಅವನದಲ್ಲ, ನನ್ನದು.

ಹತ್ತು ದಿನದ ಮೇಲೆ ಒಲೆ ಪರೀಕ್ಷಿಸಿ ವಿಷಗಾಳಿಯ ಅಲಾರಂ ಹಾಕಿಕೊಡಲು ಹೋದೆ. ಹಜಾರದಲ್ಲಿ ಶಾಂತಕ್ಕನ ಸೂಟ್‌ಕೇಸ್ ಇತ್ತು. ಮೂರು ತಿಂಗಳಿಗೆಂದು ಬಂದವರ ಟಿಕೆಟ್ಟನ್ನು ಅಳಿಯ ಬದಲಿಸಿ ಈಗಲೇ ಊರಿಗೆ ಕಳಿಸುತ್ತಿದ್ದರು. ಶಾಂತಕ್ಕ ಮೆಟ್ಟಿಲ ಮೇಲೆ ಕೂತಿದ್ದರು. ಕೂಸು ವಿದ್ಯಾಳ ಹೆಗಲ ಮೇಲಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅಜ್ಜಿಯ ಕೈಗೆ ಅದನ್ನು ಒಮ್ಮೆಯೂ ಕೊಟ್ಟಿರಲಿಲ್ಲವೆಂದು ಆಮೇಲೆ ತಿಳಿಯಿತು. ವಿದ್ಯಾ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು, ಆದರೆ ಗಂಡನಿಗೆ ಎದುರಾಡಲಿಲ್ಲ.

ನಾನು ಸೋಫಾ ಸರಿಸಿ ಜಾಲರಿ ನೋಡುತ್ತಿದ್ದೆ. ಡಾಕ್ಟರು ಬಂದು ನಿಂತರು.

"ಹನುಮಂತ ಅವ್ರೇ, ಒಂದ್ ವಿಷ್ಯ ಕೇಳ್ಬೇಕು. ಥರ್ಮೋಸ್ಟಾಟ್ ವೈರು ಇದೇ ಗೋಡೆ ಪಕ್ಕ ಎಳ್ದಿದೀರಿ. ಅವತ್ತು ಈ ಬಟ್ಟೆ ಇರ್ಲಿಲ್ವಾ?"

ಇತ್ತು ಎನ್ನಬೇಕು. ನೋಡಿದ್ದೆ ಎನ್ನಬೇಕು. ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ದನಿ ಬಂತು.

"ಇತ್ತು," ಎಂದರು ಶಾಂತಕ್ಕ. "ಅವ ನೋಡಿದ. ತಗೀರಿ ಅಕ್ಕಾರ, ಕೂಸಿನ ಜೀವಕ್ಕ ಧೋಕಾ ಐತಿ ಅಂತ ಸಾಫ್ ಹೇಳಿದ. ನಾನs ಕೇಳಲಿಲ್ಲ. ಬಡವನ ಮ್ಯಾಲೆ ಯಾಕ ಹಾಕ್ತೀರಿ, ತಪ್ಪು ನಂದು."

ಡಾಕ್ಟರು ಅತ್ತೆಯ ಕಡೆ ಒಮ್ಮೆ ನೋಡಿದರು. ಆ ನೋಟವನ್ನು ನಾನು ಬರೆಯಲಾರೆ. ಆಮೇಲೆ ನನ್ನ ಕಡೆ ತಿರುಗಿ, ಕ್ಷಮಿಸಿ, ನಿಮ್ಮ ಮೇಲೆ ಅನುಮಾನ ಪಟ್ಟೆ ಎಂದು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. ಅವರ ಭುಜದ ಆಚೆ ಶಾಂತಕ್ಕ ನನ್ನನ್ನೇ ನೋಡುತ್ತಿದ್ದರು. ಸುಮ್ಮನಿರು ಎನ್ನುವ ಹಾಗೆ ತಲೆಯಾಡಿಸಿದರು.

ಬಟ್ಟೆ ತೆಗೆಯಿರಿ ಎಂದು ನಾನು ಶಾಂತಕ್ಕನಿಗೆ ಹೇಳಿರಲಿಲ್ಲ. ಆ ನಿಜವನ್ನು ಡಾಕ್ಟರಿಗೆ ಆಗಲೂ ಹೇಳಲಿಲ್ಲ.